ಉಣ್ಣುವ ಮುನ್ನ ತೆತ್ತ ಹಣ

ಕಳೆದ ತಿಂಗಳು ಮಾಥೇರಾನಿನ ಒಂದು ರೆಸಾರ್ಟಿನಿಂದ ನಮಗೆ ದರಪಟ್ಟಿ ಬಂದಿತು. ಎರಡು ರಾತ್ರಿಯ ವಾಸ, ಇಬ್ಬರು ದೊಡ್ಡವರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ಕೋಣೆ ಒಂದೇ ಆದರೂ ಅದರ ಮುಂದೆ ನಾಲ್ಕು ಬೇರೆ ಬೇರೆ ಮೊತ್ತಗಳಿದ್ದವು. ಒಂದೊಂದು ಮೊತ್ತಕ್ಕೂ ಒಂದೊಂದು ಸಂಕೇತ: ಇ.ಪಿ., ಸಿ.ಪಿ., ಎಂ.ಎ.ಪಿ., ಎ.ಪಿ. ಪ್ರವಾಸಕ್ಕೆ ಹೋಗುವ ಯಾರಿಗೂ ಇವು ಹೊಸವಲ್ಲ. ಯುರೋಪಿಯನ್ ಪ್ಲಾನ್ ಎಂದರೆ ಕೋಣೆ ಮಾತ್ರ. ಕಾಂಟಿನೆಂಟಲ್ ಎಂದರೆ ಕೋಣೆಯೊಡನೆ ಬೆಳಗಿನ ತಿಂಡಿ. ಮಾಡಿಫೈಡ್ ಅಮೆರಿಕನ್ ಎಂದರೆ ತಿಂಡಿಯ ಜೊತೆಗೆ ಒಂದು ಹೊತ್ತಿನ ಊಟ. ಅಮೆರಿಕನ್ ಎಂದರೆ ಮೂರು ಹೊತ್ತೂ ಅವರದೇ. ಸಂಜೆಯೊಳಗೆ ನಮ್ಮ ತೀರ್ಮಾನ ತಿಳಿಸಬೇಕು, ಹಣವನ್ನು ಮುಂಗಡವಾಗಿ ಕಟ್ಟಬೇಕು, ಒಮ್ಮೆ ಕಟ್ಟಿದ ಊಟದ ಹಣ ಮರಳುವುದಿಲ್ಲ ಎಂಬ ಒಕ್ಕಣೆ ಕೆಳಗಿತ್ತು.

ಕಡತ ನೋಡುವುದು ನಮ್ಮ ವೃತ್ತಿ. ಯಾವುದೇ ಪ್ರಸ್ತಾವ ಬಂದರೆ ಅದಕ್ಕೆ ಹಿಂದಿನ ಟಿಪ್ಪಣಿ ಏನಿದೆ ಎಂದು ಹುಡುಕದೆ ಸಹಿ ಹಾಕುವ ಅಭ್ಯಾಸ ನಮಗಿಲ್ಲ. ಕೋಣೆಗೆ ಊಟವನ್ನು ಹೊಲಿದದ್ದು ಯಾರು? ಅದಕ್ಕೆ ಅಮೆರಿಕದ ಹೆಸರೇಕೆ? ಅದನ್ನು ಯಾರ ಅನುಕೂಲಕ್ಕಾಗಿ ಮಾಡಿದರು? ಈ ಮೂರು ಪ್ರಶ್ನೆಗಳ ಹಿಂದೆ ಹೋದಾಗ ನಮಗೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಮಕ್ಕಳೊಂದಿಗರಾಗಿ ಇಂಥದೇ ದರಪಟ್ಟಿಯ ಮುಂದೆ ಕುಳಿತಿರುವ ನಮ್ಮ ಬಳಗದ ಕಿರಿಯರಿಗೆ ಇದು ಉಪಯೋಗಕ್ಕೂ ಬಂದೀತು.

ಬಾಸ್ಟನ್ ನಗರದಲ್ಲಿ 1829ರಲ್ಲಿ ಟ್ರೆಮಾಂಟ್ ಹೌಸ್ ಎಂಬ ಹೋಟೆಲು ಬಾಗಿಲು ತೆರೆಯಿತು. ಐಸಯ್ಯಾ ರಾಜರ್ಸ್ ಎಂಬ ವಾಸ್ತುಶಿಲ್ಪಿ ಕಟ್ಟಿದ ಈ ಹೋಟೆಲನ್ನು ಆಧುನಿಕ ಹೋಟೆಲುಗಳ ಹಿರಿಯಣ್ಣನೆಂದು ಇತಿಹಾಸಕಾರರು ಎಣಿಸುತ್ತಾರೆ. ಸುಮಾರು 170 ಕೋಣೆಗಳು, ಪ್ರತಿ ಕೋಣೆಗೂ ಬೀಗ. ಇಂದು ನಾವು ಹೋಟೆಲೆಂದರೆ ಏನೇನನ್ನು ಸಹಜವೆಂದು ತಿಳಿದಿದ್ದೇವೆಯೋ ಅವುಗಳಲ್ಲಿ ಹಲವು ಅಲ್ಲಿ ಒಟ್ಟುಗೂಡಿದವು. ದಿನಕ್ಕೆ ಎರಡು ಡಾಲರ್ ಬಾಡಿಗೆ. ಅದರಲ್ಲಿಯೇ ನಾಲ್ಕು ಹೊತ್ತಿನ ಊಟ. ಉಂಡರೂ ಅಷ್ಟೇ, ಉಪವಾಸವಿದ್ದರೂ ಅಷ್ಟೇ. ಅಮೆರಿಕದ ಹೋಟೆಲುಗಳಲ್ಲಿ ಇದೇ ವಾಡಿಕೆಯಾಗಿ ಬೆಳೆದುದರಿಂದ ಈ ಏರ್ಪಾಡಿಗೆ ಆ ದೇಶದ ಹೆಸರು ನಿಂತಿತು.

ಹದಿಮೂರು ವರ್ಷಗಳ ಅನಂತರ, 1842ರ ಚಳಿಗಾಲದಲ್ಲಿ, ಚಾರ್ಲ್ಸ್ ಡಿಕನ್ಸ್ ಪತ್ನಿಯೊಡನೆ ಬಂದು ಇಳಿದುಕೊಂಡದ್ದು ಇದೇ ಹೋಟೆಲಿನಲ್ಲಿ. ಅವನ ‘ಅಮೆರಿಕನ್ ನೋಟ್ಸ್’ ಕೃತಿಯನ್ನು ಎಂ.ಎ. ತರಗತಿಯ ದಿನಗಳಲ್ಲಿ ನಾವು ಪರೀಕ್ಷೆಗೆ ಬೇಕಾದಷ್ಟೇ ಓದಿದ್ದೆವು. ಈ ಸಲ ಊಟದ ವಿಷಯಕ್ಕಾಗಿ ಮತ್ತೆ ತೆರೆದೆವು. ಅಲ್ಲಿ ಅನೇಕರು ವಾರಕ್ಕಿಷ್ಟೆಂದು ಗೊತ್ತುಮಾಡಿಕೊಂಡು ವಾಸಕ್ಕೂ ಊಟಕ್ಕೂ ನೆಲೆಸಿದ್ದರಂತೆ. ಮಹಡಿ ಮೇಲೇರಿದಷ್ಟೂ ದರ ಇಳಿಯುತ್ತಿತ್ತಂತೆ. ನೂರರಿಂದ ಇನ್ನೂರು ಮಂದಿ ಒಟ್ಟಿಗೆ ಕುಳಿತು ಉಣ್ಣುವ ಸಾಲುಮೇಜು. ಊಟದ ಹೊತ್ತಾಯಿತೆಂದು ಸಾರಲು ಒಂದು ಭಾರಿ ಜಾಗಟೆ. ಅದರ ಸದ್ದಿಗೆ ಕಿಟಕಿಯ ಚೌಕಟ್ಟುಗಳು ನಡುಗುತ್ತಿದ್ದವು, ಪರದೇಶದವರ ಎದೆ ಹಾರುತ್ತಿತ್ತು ಎಂದು ಅವನು ತಮಾಷೆಮಾಡುತ್ತಾನೆ. ಡಿಕನ್ಸ್ ದಂಪತಿಗಳು ತಮ್ಮ ನಾಲ್ಕು ಮಕ್ಕಳನ್ನೂ ಲಂಡನ್ನಿನಲ್ಲಿಯೇ ಬಿಟ್ಟು ಬಂದಿದ್ದರು. ನಾಲ್ಕು ಮಕ್ಕಳನ್ನು ಆ ಜಾಗಟೆಯ ಸಮಯಕ್ಕೆ ಸರಿಯಾಗಿ ಮುಖ ತೊಳೆಸಿ, ಬಟ್ಟೆ ತೊಡಿಸಿ, ಮೇಜಿನ ಮುಂದೆ ಕೂರಿಸಬೇಕಾಗಿದ್ದರೆ ತಮಾಷೆಯ ಧಾಟಿ ಬೇರೆಯಿರುತ್ತಿತ್ತು ಎಂದು ನಮಗನ್ನಿಸಿತು.

ಜಾಗಟೆಯಲ್ಲಿಯೇ ಈ ಏರ್ಪಾಡಿನ ಗುಟ್ಟಿದೆ. ಇಂತಿಷ್ಟು ಜನ, ಇಂತಿಷ್ಟು ಗಂಟೆಗೆ, ಮಾಡಿದ್ದನ್ನು ಉಣ್ಣುತ್ತಾರೆ ಎಂಬುದು ಅಡುಗೆಮನೆಗೆ ಮೊದಲೇ ತಿಳಿದಿದ್ದರೆ ವ್ಯರ್ಥ ಕಡಿಮೆ, ಲಾಭ ಖಚಿತ. ಹಸಿವು ಹೊತ್ತಿಗೆ ಹೊಂದಿಕೊಳ್ಳಬೇಕು, ಹೊತ್ತು ಹಸಿವಿಗಲ್ಲ. ಇದು ಅಮೆರಿಕದ ಆವಿಷ್ಕಾರವೂ ಅಲ್ಲ. ಇಂಗ್ಲೆಂಡಿನ ಹಳೆಯ ಛತ್ರಗಳಲ್ಲಿ ಗೊತ್ತಾದ ಹೊತ್ತಿಗೆ ಗೊತ್ತಾದ ಬೆಲೆಗೆ ಬಡಿಸುವ ಊಟಕ್ಕೆ ‘ಆರ್ಡಿನರಿ’ ಎಂದೇ ಹೆಸರು. ಶೇಕ್ಸ್‌ಪಿಯರನ ‘ಆಂಟನಿ ಅಂಡ್ ಕ್ಲಿಯೋಪಾತ್ರ’ದಲ್ಲಿ ಎನೋಬಾರ್ಬಸ್ ತನ್ನ ಒಡೆಯನ ಪ್ರೇಮಪ್ರಸಂಗವನ್ನು ಬಣ್ಣಿಸುವಾಗ ಈ ಛತ್ರದ ಪದವನ್ನೇ ಬಳಸಿ ಚುಚ್ಚುತ್ತಾನೆ: ಕಣ್ಣಿಗಷ್ಟೇ ದಕ್ಕಿದ ಊಟಕ್ಕೆ ಆಂಟನಿ ಭಾರಿ ಬೆಲೆ ತೆತ್ತನೆಂಬ ಅರ್ಥದಲ್ಲಿ. ಬಫೆಯ ಸಾಲಿನಲ್ಲಿ ನಿಂತಾಗಲೆಲ್ಲ ನಮಗೆ ಅವನ ನೆನಪಾಗುತ್ತದೆ.

ಇದೇ ಬಾಸ್ಟನ್ನಿನಲ್ಲಿ 1855ರಲ್ಲಿ ಹಾರ್ವೆ ಪಾರ್ಕರ್ ಎಂಬಾತ ಪಾರ್ಕರ್ ಹೌಸನ್ನು ತೆರೆದು, ಕೋಣೆಯ ಲೆಕ್ಕ ಬೇರೆ, ಊಟದ ಲೆಕ್ಕ ಬೇರೆ ಎಂದನು. ಬೇಕೆನಿಸಿದ ಹೊತ್ತಿಗೆ ಬಂದು, ಬೇಕಾದ್ದನ್ನು ತರಿಸಿಕೊಂಡು, ಉಂಡಷ್ಟಕ್ಕೆ ಹಣ ಕೊಡಬಹುದು. ಯುರೋಪಿನ ಈ ಪದ್ಧತಿ ಕ್ರಮೇಣ ನಗರದ ಹೋಟೆಲುಗಳನ್ನೆಲ್ಲ ಆವರಿಸಿತು. ಹೊರಗೆ ಹತ್ತು ಉಪಾಹಾರಗೃಹಗಳಿರುವ ಊರಿನಲ್ಲಿ ಅತಿಥಿಯನ್ನು ಒಂದೇ ಮೇಜಿಗೆ ಕಟ್ಟಿಹಾಕುವುದು ಸಾಧ್ಯವಿಲ್ಲ. ಊಟಸಹಿತ ವಾಸದ ಪದ್ಧತಿ ಉಳಿದುಕೊಂಡದ್ದು ಬೆಟ್ಟದ ಊರುಗಳಲ್ಲಿ, ಕಡಲ ತಡಿಯಲ್ಲಿ, ಕಾಡಿನಲ್ಲಿ. ಅಲ್ಲಿ ಬೇರೆ ಮೇಜೇ ಇರುವುದಿಲ್ಲ. ನಮ್ಮ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಹುಟ್ಟಿ, ಕಬಿನಿಯಲ್ಲಿ ವಸತಿಗೃಹ ನಡೆಸತೊಡಗಿದಾಗ ವಾಸ, ಊಟ, ಸಫಾರಿ ಮೂರನ್ನೂ ಸೇರಿಸಿಯೇ ದರ ನಿಗದಿಪಡಿಸಿತು. ಕಾರಾಪುರದ ಕಾಡಂಚಿನಲ್ಲಿ ಅತಿಥಿ ಮಧ್ಯಾಹ್ನದ ಊಟಕ್ಕೆ ಎಲ್ಲಿಗೆ ಹೋಗಬೇಕು?

ಹಣವನ್ನು ಊಟಕ್ಕೆ ಮುಂಚೆ ಕೊಡುವುದರಲ್ಲಿ ಮತ್ತೊಂದು ಬಗೆಯ ಅನುಕೂಲವನ್ನು ಕಂಡವನು ಥಾಮಸ್ ಕುಕ್. 1841ರಲ್ಲಿ ತಲೆಗೊಂದು ಷಿಲಿಂಗ್ ಪಡೆದು ಲೆಸ್ಟರಿನಿಂದ ಲಫ್‌ಬರೋಗೆ ಪಾನನಿರೋಧದ ಸಭೆಗೆಂದು ಜನರನ್ನು ರೈಲಿನಲ್ಲಿ ಕರೆದೊಯ್ದ ಈ ಧರ್ಮಭೀರು, ಕಾಲು ಶತಮಾನದಲ್ಲಿ ಯುರೋಪನ್ನೆಲ್ಲ ಇಂಗ್ಲಿಷ್ ಮಧ್ಯಮವರ್ಗಕ್ಕೆ ತೆರೆದಿಟ್ಟನು. 1868ರಲ್ಲಿ ಅವನು ಹೋಟೆಲ್ ಕೂಪನ್ ತಂದನು. ಲಂಡನ್ನಿನಲ್ಲಿ ಹಣ ಕಟ್ಟಿ ಕೂಪನ್ ಪುಸ್ತಕ ಕೊಂಡರೆ, ಕುಕ್‌ನ ಪಟ್ಟಿಯಲ್ಲಿರುವ ಯಾವ ಹೋಟೆಲಿನಲ್ಲಾದರೂ ಒಂದು ಚೀಟಿ ಹರಿದುಕೊಟ್ಟು ರಾತ್ರಿ ತಂಗಬಹುದು, ಇನ್ನೊಂದು ಚೀಟಿ ಕೊಟ್ಟು ಉಣ್ಣಬಹುದು. ಫ್ರೆಂಚ್ ಬಾರದ, ನಾಣ್ಯದ ಲೆಕ್ಕ ತಿಳಿಯದ, ಮೋಸಹೋಗುವ ಭಯದಲ್ಲಿಯೇ ಹೊರಟ ಶಾಲಾಶಿಕ್ಷಕನಿಗೆ ಆ ಚೀಟಿ ಊಟಕ್ಕಿಂತ ಹೆಚ್ಚಿನದೇನನ್ನೋ ಕೊಟ್ಟಿತು. ಪರದೇಶದ ಮೇಜಿನ ಮುಂದೆ ತಲೆತಗ್ಗಿಸದೆ ಕೂರುವ ಧೈರ್ಯ ಅದು. ಮುಂಬಯಿಗೆ ಮೊದಲ ಸಲ ಬಂದಿಳಿದ ದಿನಗಳಲ್ಲಿ, ಮರಾಠಿಯಲ್ಲಿ ಬೆಲೆ ಕೇಳಲು ನಾಲಗೆ ತೊಡರುತ್ತಿದ್ದ ನಮಗೆ ಈ ಧೈರ್ಯದ ಬೆಲೆ ಗೊತ್ತು.

ಈ ನಗರದ ಕನ್ನಡಿಗರಿಗೆ ಊಟದ ಚೀಟಿಯೆಂದೊಡನೆ ನೆನಪಾಗುವುದು ಕುಕ್ ಅಲ್ಲ, ಮಾಟುಂಗಾ. ರೈಲು ನಿಲ್ದಾಣದ ಎದುರಿನ ಕಟ್ಟಡದ ಮೇಲ್ಮಹಡಿಯಲ್ಲಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಮೊದಲು ಹಣ ಕೊಟ್ಟು ಕೂಪನ್ ಪಡೆದು ಸರದಿ ಕಾಯಬೇಕು. ಮಿತ ಊಟದ ಕೂಪನ್ ಬೇರೆ, ಅಮಿತ ಊಟದ ಕೂಪನ್ ಬೇರೆ. ‘ಬೋರ್ಡಿಂಗ್’ ಎಂಬ ಪದವೇ ಸೊಗಸಾದದ್ದು. ಬೋರ್ಡ್ ಎಂದರೆ ಹಲಗೆ, ಹಲಗೆಯಿಂದ ಮೇಜು, ಮೇಜಿನಿಂದ ಅದರ ಮೇಲಿನ ಊಟ. ಇಂಗ್ಲಿಷರು ಬಿಟ್ಟುಹೋದ ಆ ಹಲಗೆಯ ಮೇಲೆ ದಕ್ಷಿಣ ಕನ್ನಡದವರು ಬಾಳೆಲೆ ಹಾಸಿದರು.

ಆದರೆ ಮನೆಯಿಂದ ದೂರ ಬಂದವರ ಊಟದ ಇತಿಹಾಸದಲ್ಲಿ ಹಣ ಮೊದಲು ಬಂದದ್ದಕ್ಕಿಂತ ತಡವಾಗಿ ಬಂದದ್ದೇ ಹೆಚ್ಚು. ನಮ್ಮ ಅಜ್ಜಂದಿರ ಕಾಲದ ಬಡ ವಿದ್ಯಾರ್ಥಿಗಳಿಗೆ ವಾರಾನ್ನವಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಅಲ್ಲಿ ಹಣವೇ ಇಲ್ಲ, ಋಣವಷ್ಟೇ. ಮುಂಬಯಿಯ ಗಿರಣಿ ಪ್ರದೇಶದ ಖಾನಾವಳಿಗಳಲ್ಲಿ ತಿಂಗಳಿಡೀ ಉಂಡು, ಪಗಾರದ ದಿನ ಲೆಕ್ಕ ಚುಕ್ತಾ ಮಾಡುವುದು ರೂಢಿ. ಊರಿನಲ್ಲಿ ಸಂಸಾರವನ್ನು ಬಿಟ್ಟು ಬಂದ ಕೊಂಕಣದ, ಘಟ್ಟದ ಕಾರ್ಮಿಕರಿಗೆ ಚಾಳಿನ ಹತ್ತಡಿ ಕೋಣೆಯಲ್ಲಿ ಭಾಕರಿ ಬಡಿದು ಬಡಿಸುತ್ತಿದ್ದವರು ಹೆಂಗಸರು. ಗಿರಣಿ ನಿಂತರೆ ಪಗಾರ ನಿಂತಿತು. ಪಗಾರ ನಿಂತರೂ ಊಟ ನಿಲ್ಲಿಸಲು ಅವರಿಗೆ ಮನಸ್ಸು ಬಾರದು. ಕಿರಾಣಿ ಅಂಗಡಿಯವನಿಗೆ ಬಡ್ಡಿ ತೆತ್ತು, ಮೈಮೇಲಿನ ಒಡವೆಯನ್ನು ಒತ್ತೆಯಿಟ್ಟು ಅವರು ಒಲೆ ಉರಿಸಿದರು. ಈ ಹೆಂಗಸರನ್ನು ಒಗ್ಗೂಡಿಸಿ, ರಾಷ್ಟ್ರೀಕೃತ ಬ್ಯಾಂಕಿನಿಂದ ಸಾಲ ಕೊಡಿಸಲೆಂದು ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಿದರು.

ಇಷ್ಟು ಹೇಳಿದ ಮೇಲೆ ರೆಸಾರ್ಟಿನ ದರಪಟ್ಟಿಯತ್ತ ತಿರುಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಊಟದ ಹಣ ಮೊದಲೋ ಆಮೇಲೋ ಎಂಬುದು ಬರಿಯ ಲೆಕ್ಕದ ಮಾತಲ್ಲ. ಉಣ್ಣದೆ ಹೋದರೆ, ಕೊಡದೆ ಹೋದರೆ, ಆ ನಷ್ಟ ಯಾರ ತಲೆಗೆ ಎಂಬುದರ ತೀರ್ಮಾನ ಅದು. ಖಾನಾವಳಿಯಲ್ಲಿ ಅದು ಬಡಿಸುವಾಕೆಯ ತಲೆಗೆ. ಅಮೆರಿಕನ್ ಪ್ಲಾನಿನಲ್ಲಿ ಉಣ್ಣುವವನ ತಲೆಗೆ. ಉಣ್ಣುವವನು ನಾಲ್ಕು ವರ್ಷದವನಾಗಿದ್ದರೆ ಅವನು ಏನನ್ನು, ಯಾವಾಗ, ಎಷ್ಟು ಉಂಡಾನೆಂದು ಹೆತ್ತವರಿಗೂ ತಿಳಿಯದು.

ಹಾಗಿದ್ದರೂ ಮಕ್ಕಳೊಂದಿಗರಿಗೆಂದೇ ಊಟಸಹಿತ ರಜೆಯನ್ನು ರೂಪಿಸಿದವನೊಬ್ಬನಿದ್ದನು. ಅವನ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕು.

ಬಿಲ್ಲಿ ಬಟ್ಲಿನ್ ಜಾತ್ರೆಗಳಲ್ಲಿ ಬಳೆಯೆಸೆತದ ಆಟದಂಗಡಿ ಇಟ್ಟು ಬೆಳೆದವನು. ವೇಲ್ಸಿನ ಬ್ಯಾರಿ ದ್ವೀಪದಲ್ಲಿ ಒಮ್ಮೆ ರಜೆ ಕಳೆಯಲು ಹೋದಾಗ ಅವನ ಕಣ್ಣಿಗೆ ಬಿದ್ದ ದೃಶ್ಯವೊಂದು ಅವನ ಬಾಳಿನ ದಿಕ್ಕನ್ನೇ ಬದಲಿಸಿತಂತೆ. ಅಂದಿನ ಇಂಗ್ಲೆಂಡಿನ ಕಡಲತೀರದ ಬೋರ್ಡಿಂಗ್ ಮನೆಗಳಲ್ಲಿ ತಿಂಡಿ ಮುಗಿದೊಡನೆ ಅತಿಥಿಗಳು ಹೊರಗೆ ನಡೆಯಬೇಕು. ಮತ್ತೆ ಊಟದ ಹೊತ್ತಿಗೇ ಒಳಗೆ ಬರಬೇಕು. ಮನೆಯೊಡತಿಯ ನಿಯಮ ಅದು. ಆ ದೇಶದಲ್ಲಿ ಬೇಸಿಗೆಯೆಂದರೂ ಮಳೆಯೇ. ವರ್ಷಕ್ಕೊಂದು ವಾರದ ರಜೆಗಾಗಿ ಪೈಸೆಗೆ ಪೈಸೆ ಕೂಡಿಸಿ ಬಂದ ಕುಟುಂಬಗಳು ಅಳುವ ಮಕ್ಕಳನ್ನು ಎತ್ತಿಕೊಂಡು ಜಡಿಮಳೆಯಲ್ಲಿ ಬೀದಿ ಅಲೆಯುತ್ತಿದ್ದವು. ಅವರಿಗೆ ದಿನವಿಡೀ ಇರಲು ಒಂದು ಜಾಗ, ಹೊತ್ತುಹೊತ್ತಿಗೆ ಊಟ, ಮಕ್ಕಳಿಗೆ ಆಟ, ಎಲ್ಲಕ್ಕೂ ಸೇರಿ ಒಂದೇ ಹಣ. ಈ ಯೋಚನೆಯ ಫಲವಾಗಿ 1936ರ ಈಸ್ಟರ್ ಸಮಯದಲ್ಲಿ ಸ್ಕೆಗ್‌ನೆಸ್ ಎಂಬಲ್ಲಿ ಅವನ ಮೊದಲ ರಜಾಶಿಬಿರ ಆರಂಭವಾಯಿತು. ಋತುವಿಗೆ ತಕ್ಕಂತೆ ವಾರಕ್ಕೆ 35 ಷಿಲಿಂಗಿನಿಂದ 3 ಪೌಂಡ್. ಮೂರು ಹೊತ್ತಿನ ಊಟವೂ ಮನರಂಜನೆಯೂ ಅದರೊಳಗೆ. ಎರಡು ವರ್ಷಗಳ ಅನಂತರ, 1938ರಲ್ಲಿ, ಬ್ರಿಟನ್ನಿನಲ್ಲಿ ವೇತನಸಹಿತ ರಜೆಯ ಕಾಯಿದೆ ಬಂದಿತು. ಕಾರ್ಮಿಕನಿಗೆ ರಜೆಯೂ ಸಿಕ್ಕಿತು, ರಜೆಯ ಬೆಲೆ ಎಷ್ಟೆಂದು ಮೊದಲೇ ತಿಳಿಯುವಂತೆಯೂ ಆಯಿತು.

ಬಟ್ಲಿನ್ನನ ಶಿಬಿರವನ್ನು ಮೇಲ್ವರ್ಗದವರು ನಕ್ಕು ತಳ್ಳಿಹಾಕಿದ್ದುಂಟು. ಬೆಳಿಗ್ಗೆ ಧ್ವನಿವರ್ಧಕದಲ್ಲಿ ಎಬ್ಬಿಸುವುದು, ಸಾಲಾಗಿ ಕೂತು ಉಣ್ಣುವುದು, ಸೈನ್ಯದ ಬಿಡಾರದಂಥ ಬದುಕು. ನಗು ನ್ಯಾಯವೇ ಇರಬಹುದು. ಆದರೆ ನಗುವವರ ಮನೆಯಲ್ಲಿ ಅಡುಗೆಯವರಿದ್ದರು. ವರ್ಷದ ಐವತ್ತೊಂದು ವಾರ ಒಲೆಯ ಮುಂದೆ ನಿಂತ ಗಿರಣಿ ಕಾರ್ಮಿಕನ ಹೆಂಡತಿಗೆ, ಐವತ್ತೆರಡನೆಯ ವಾರದಲ್ಲಿ ಬೇರೊಬ್ಬರು ಬೇಯಿಸಿದ ಸಪ್ಪೆ ಆಲೂಗಡ್ಡೆಯೂ ಅಮೃತವಾಗಿದ್ದೀತು. ಮಗು ಮಲಗಿದ ಮೇಲೆ ತಾಯಿತಂದೆಯರು ನೃತ್ಯಶಾಲೆಗೆ ಹೋಗಬಹುದಿತ್ತು. ದಾದಿಯರು ಗುಡಿಸಲುಗಳ ಸಾಲಿನಲ್ಲಿ ಓಡಾಡುತ್ತ ಅಳುವಿನ ಸದ್ದಿಗೆ ಕಿವಿಗೊಡುತ್ತಿದ್ದರು. ಇಂಥ ಸಂಖ್ಯೆಯ ಗುಡಿಸಲಿನಲ್ಲಿ ಮಗು ಅಳುತ್ತಿದೆಯೆಂದು ನೃತ್ಯಶಾಲೆಯ ಫಲಕದಲ್ಲಿ ಸೂಚನೆ ಬರುತ್ತಿತ್ತು. ಊಟದ ಯೋಜನೆ ಮಕ್ಕಳಿಗೆ ಹೊಂದುವುದೋ ಇಲ್ಲವೋ ಎಂಬ ಪ್ರಶ್ನೆಗೆ ಬಟ್ಲಿನ್ ಕೊಟ್ಟ ಉತ್ತರ ಮಕ್ಕಳನ್ನು ಕುರಿತದ್ದಾಗಿರಲಿಲ್ಲ, ತಾಯಂದಿರನ್ನು ಕುರಿತದ್ದಾಗಿತ್ತು.

ಮುಂದಿನ ಕಥೆ ತಿಳಿದದ್ದೇ. ಬೆಲ್ಜಿಯಂನ ಜೆರಾರ್ ಬ್ಲಿಟ್ಸ್ 1950ರಲ್ಲಿ ಮಯೋರ್ಕಾ ದ್ವೀಪದ ತೀರದಲ್ಲಿ ಯುದ್ಧದಿಂದ ಉಳಿದ ಡೇರೆಗಳನ್ನು ಹೂಡಿ ಕ್ಲಬ್ ಮೆಡಿಟರೇನಿಯನ್ ಆರಂಭಿಸಿದನು. ಊಟ, ಆಟ ಎಲ್ಲವೂ ಮೊದಲೇ ಕೊಟ್ಟ ಹಣದಲ್ಲಿ. ಮುಂದೆ ಅವನ ಕ್ಲಬ್ಬಿನಲ್ಲಿ ಪಾನೀಯಕ್ಕೆ ಹಣದ ಬದಲು ಕೊರಳಿನ ಮಣಿಗಳನ್ನು ಕೊಡುವ ಏರ್ಪಾಡು ಬಂದಿತು. ಹಣ ಕಣ್ಣಿಗೆ ಬೀಳಬಾರದೆಂಬುದು ಅಲ್ಲಿಯ ತತ್ತ್ವ. ಮಣಿ ಕಿತ್ತುಕೊಡುವವನಿಗೆ ಅದು ಹಣವೆಂಬುದು ಮರೆಯುತ್ತದೆ ಎಂಬುದು ಅಲ್ಲಿಯ ಲಾಭ.

ಹಣದ ಈ ಕಣ್ಣುಮುಚ್ಚಾಲೆ ಇಂದು ಪರಾಕಾಷ್ಠೆಗೆ ಮುಟ್ಟಿರುವುದು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ. ಅಲ್ಲಿ 2005ರಲ್ಲಿ ಡೈನಿಂಗ್ ಪ್ಲಾನ್ ಆರಂಭವಾಯಿತು. 2020ರ ಮಹಾಮಾರಿಯಲ್ಲಿ ನಿಂತು, 2024ರ ಜನವರಿಯಲ್ಲಿ ಮರಳಿತು. ತಂಗುವ ರಾತ್ರಿಗಳಿಗೆ ಅನುಗುಣವಾಗಿ ಊಟದ, ತಿಂಡಿಯ ‘ಕ್ರೆಡಿಟ್’ಗಳು ಕುಟುಂಬದ ಲೆಕ್ಕಕ್ಕೆ ಜಮೆಯಾಗುತ್ತವೆ. ಕೋಣೆ ಬಿಡುವ ದಿನದ ಮಧ್ಯರಾತ್ರಿಗೆ ಉಳಿದದ್ದೆಲ್ಲ ಸೊನ್ನೆ. ಕೊನೆಯ ದಿನ ಉಳಿಕೆಯನ್ನು ತೀರಿಸಲು ಮಿಠಾಯಿಯ ಪೊಟ್ಟಣಗಳನ್ನು ಕೊಳ್ಳುವ ಕುಟುಂಬಗಳಿವೆಯಂತೆ. ಮಾರ್ಚ್ ಮೂವತ್ತೊಂದರೊಳಗೆ ಅನುದಾನ ಮುಗಿಸುವ ಇಲಾಖೆಗಳನ್ನು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ನಮ್ಮ ಗಮನ ಸೆಳೆದದ್ದು ವಯಸ್ಸಿನ ಗೆರೆ. ಮೂರು ತುಂಬದ ಮಗುವಿಗೆ ಪ್ಲಾನ್ ಬೇಕಿಲ್ಲ, ಹೆತ್ತವರ ತಟ್ಟೆಯಿಂದ ಉಣ್ಣಬಹುದು. ಮೂರರಿಂದ ಒಂಬತ್ತರವರೆಗೆ ಮಕ್ಕಳ ದರ. ಹತ್ತು ತುಂಬಿತೋ, ಊಟದ ಲೆಕ್ಕದಲ್ಲಿ ಪ್ರಾಪ್ತವಯಸ್ಕರು. ಮತ ಹಾಕಲು ಹದಿನೆಂಟಾಗಬೇಕು. ದೊಡ್ಡವರ ಬೆಲೆಗೆ ಉಣ್ಣಲು ಹತ್ತು ಸಾಕು. ನಮ್ಮ ರೈಲ್ವೆಯವರೂ ಹಿಂದೆ ಬಿದ್ದಿಲ್ಲ: 2016ರ ಏಪ್ರಿಲ್‌ನಿಂದ, ಐದರಿಂದ ಹನ್ನೆರಡರ ಮಗುವಿಗೆ ಮಲಗುವ ಜಾಗ ಬೇಕೆಂದರೆ ಪೂರ್ತಿ ಟಿಕೆಟ್ಟು.

ರೈಲಿನ ಮಾತು ಬಂದುದರಿಂದ ಇನ್ನೊಂದು ಮಾತು. ಭಾರತದ ಮಧ್ಯಮವರ್ಗಕ್ಕೆ ಮುಂಗಡ ಊಟದ ರುಚಿ ಹತ್ತಿಸಿದ್ದು ರೆಸಾರ್ಟುಗಳಲ್ಲ, ರಾಜಧಾನಿ ಎಕ್ಸ್‌ಪ್ರೆಸ್. 1969ರಲ್ಲಿ ಹೌರಾ ಮತ್ತು ದೆಹಲಿಗಳ ನಡುವೆ ಓಡತೊಡಗಿದ ಈ ಗಾಡಿಯಲ್ಲಿ ಊಟದ ಬೆಲೆ ಟಿಕೆಟ್ಟಿನಲ್ಲಿಯೇ ಸೇರಿತ್ತು. ಊಟ ಬೇಡವೆನ್ನುವ ಅವಕಾಶವನ್ನು ಪ್ರಯಾಣಿಕನಿಗೆ ಕೊಡಲು 2017 ಬರಬೇಕಾಯಿತು. ಬೇಡವೆನ್ನಬಹುದೆಂದು ತಿಳಿದ ಮೇಲೆಯೂ ನಾವು ಒಮ್ಮೆಯೂ ಬೇಡವೆಂದಿಲ್ಲ. ಗಾಡಿ ಹೊರಟ ಅರ್ಧಗಂಟೆಗೆ ತಟ್ಟೆಯೊಂದು ತಾನಾಗಿ ಬರುವ ಸುಖವನ್ನು, ಅದರಲ್ಲಿರುವುದು ತಣ್ಣನೆಯ ಪನೀರೇ ಆಗಿದ್ದರೂ, ಬಿಟ್ಟುಕೊಡಲು ಮನಸ್ಸಾಗದು.

ಈ ದೌರ್ಬಲ್ಯ ನಮ್ಮೊಬ್ಬರದಲ್ಲ. ಡ್ರೇಜನ್ ಪ್ರೆಲೆಕ್ ಮತ್ತು ಜಾರ್ಜ್ ಲೋವೆನ್‌ಸ್ಟೀನ್ ಎಂಬ ಇಬ್ಬರು ವಿದ್ವಾಂಸರು 1998ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಹೇಳುತ್ತಾರೆ: ಬಟ್ಟೆ ಒಗೆಯುವ ಯಂತ್ರದ ಹಣವನ್ನು ಜನ ಕೊಂಡ ಮೇಲೆ ಕಂತಿನಲ್ಲಿ ಕೊಡಲು ಬಯಸುತ್ತಾರೆ, ಪ್ರವಾಸದ ಹಣವನ್ನು ಮಾತ್ರ ಹೋಗುವ ಮೊದಲೇ ಕೊಟ್ಟು ಮುಗಿಸಲು ಬಯಸುತ್ತಾರೆ. ಮೊದಲೇ ಕೊಟ್ಟದ್ದು ಮರೆತುಹೋಗಿ, ಉಂಡದ್ದು ಬಿಟ್ಟಿಯಂತೆ ರುಚಿಸುತ್ತದೆ. ಯಂತ್ರ ವರ್ಷಗಟ್ಟಲೆ ದುಡಿಯುತ್ತ ತನ್ನ ಋಣ ತೀರಿಸುತ್ತದೆ. ಮುಗಿದುಹೋದ ರಜೆಗೆ ಹಣ ಕಟ್ಟುವುದು ಯಾರಿಗೂ ಇಷ್ಟವಿಲ್ಲ.

ನಮ್ಮ ಅನುಭವ ಈ ಮಾತಿಗೆ ಅರ್ಧ ಒಪ್ಪುತ್ತದೆ, ಇನ್ನರ್ಧ ತಕರಾರು ತೆಗೆಯುತ್ತದೆ. ಎರಡು ವರ್ಷಗಳ ಹಿಂದೆ ಕಡಲ ತೀರದ ಒಂದು ರೆಸಾರ್ಟಿನಲ್ಲಿ ಮೂರು ಹೊತ್ತಿನ ಊಟಕ್ಕೂ ಮುಂಗಡ ಕಟ್ಟಿ ಹೋಗಿದ್ದೆವು. ರಾತ್ರಿಯ ಊಟ ಎಂಟೂವರೆಗೆ ಆರಂಭ. ಮಗ ಮಲಗುವುದು ಏಳೂವರೆಗೆ. ಮೊದಲ ರಾತ್ರಿ ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಸರದಿಯಲ್ಲಿ ನಿಂತೆವು. ಅವನು ಒಂದು ತುತ್ತೂ ಉಣ್ಣಲಿಲ್ಲ. ಹನ್ನೊಂದಕ್ಕೆ ಎದ್ದು ಹಾಲು ಕೇಳಿದಾಗ ಅಡುಗೆಮನೆ ಮುಚ್ಚಿತ್ತು. ಕೊನೆಗೆ ಬಂದ ಒಂದು ಲೋಟ ಹಾಲಿಗೆ ಪ್ರತ್ಯೇಕ ಬಿಲ್ಲೂ ಬಂದಿತು. ಹಾಲು ಪ್ಲಾನಿನೊಳಗೆ ಸೇರಿಲ್ಲವೆಂಬ ವಿವರಣೆಯೂ ಬಂದಿತು. ಮಗಳಿಗೆ ಎರಡು ದಿನವೂ ಬೇಕಾದದ್ದು ನೂಡಲ್ಸ್ ಮಾತ್ರ. ದೊಡ್ಡವರಾದ ನಾವು, ಕೊಟ್ಟ ಹಣ ವ್ಯರ್ಥವಾಗಬಾರದೆಂಬ ಒಂದೇ ಹಠದಿಂದ ಹೊತ್ತುಹೊತ್ತಿಗೂ ಹತ್ತು ಬಗೆಯನ್ನು ಬಡಿಸಿಕೊಂಡೆವು. ಎರಡನೆಯ ದಿನ ಸಂಜೆ, ಮಕ್ಕಳು ಸೂರ್ಯಾಸ್ತ ನೋಡಲು ಕೈಹಿಡಿದು ಎಳೆಯುತ್ತಿದ್ದಾಗ, ಹೊಟ್ಟೆ ಹಿಡಿದುಕೊಂಡು ಮಲಗಿದ್ದವರು ನಾವು. ಮರೆತುಹೋಗಬೇಕಾಗಿದ್ದ ಹಣ ನಮ್ಮ ತಲೆಯಿಂದ ಒಂದು ಕ್ಷಣವೂ ಇಳಿದಿರಲಿಲ್ಲ.

ಆದ್ದರಿಂದ ಮಾಥೇರಾನಿನ ದರಪಟ್ಟಿಯನ್ನು ಈ ಸಲ ಪೆನ್ನು ಹಿಡಿದೇ ಓದಿದೆವು.

ಮಾಥೇರಾನ್ ಬಲ್ಲವರಿಗೆ ಅಲ್ಲಿಯ ಹೋಟೆಲುಗಳು ಊಟಸಹಿತವಾಗಿಯೇ ಕೋಣೆ ಮಾರುವ ರೂಢಿ ಗೊತ್ತು. ಅದಕ್ಕೆ ಕಾರಣ ಊರಿನ ಚರಿತ್ರೆಯಲ್ಲಿದೆ. ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ 1850ರಲ್ಲಿ ಈ ಬೆಟ್ಟವನ್ನು ಹತ್ತಿ ಕಂಡ ಮೇಲೆ ಮುಂಬಯಿಯ ಸಿರಿವಂತರು ಅಲ್ಲಿ ಮನೆ ಕಟ್ಟತೊಡಗಿದರು. ಪೀರಭಾಯ್ ಮನೆತನದ ಹಣದಿಂದ 1907ರಲ್ಲಿ ನೇರಳ್‌ನಿಂದ ಪುಟ್ಟ ರೈಲು ಬಂದಿತು. ಮೋಟಾರು ಮಾತ್ರ ಇಂದಿಗೂ ದಸ್ತೂರಿ ನಾಕಾದಿಂದ ಮುಂದೆ ಬರುವಂತಿಲ್ಲ. ಅಕ್ಕಿ, ಬೇಳೆ, ತರಕಾರಿಗಳನ್ನು ಕುದುರೆಯ ಬೆನ್ನಿನಲ್ಲಿ, ಕೈಗಾಡಿಯಲ್ಲಿ ಸಾಗಿಸಿಯೇ ಬೇಯಿಸಬೇಕಾದ ಊರಿನಲ್ಲಿ ಎಷ್ಟು ಜನಕ್ಕೆ ಅಡುಗೆಯೆಂದು ಮೊದಲೇ ತಿಳಿದಿರುವುದು ಹೋಟೆಲಿನವರಿಗೆ ಅಗತ್ಯ. ಟ್ರೆಮಾಂಟ್ ಹೌಸಿನ ಜಾಗಟೆಯ ನ್ಯಾಯ ಇಲ್ಲಿಯೂ ಸಲ್ಲುತ್ತದೆ.

ಲೆಕ್ಕ ಹೀಗಿತ್ತು. ತಿಂಡಿಸಹಿತ ಕೋಣೆಯ ಮೇಲೆ, ಮೂರು ಹೊತ್ತಿನ ಪ್ಲಾನಿಗೆ ದೊಡ್ಡವರಿಗೆ ದಿನಕ್ಕೆ 1,500 ರೂಪಾಯಿ, ಮಗಳಿಗೆ 750 ಹೆಚ್ಚು. ಮಗನಿಗೆ ಐದು ತುಂಬದ್ದರಿಂದ ಏನೂ ಇಲ್ಲ. ಎರಡು ದಿನಕ್ಕೆ 7,500. ರಾತ್ರಿಯ ಊಟವೊಂದನ್ನೇ ಸೇರಿಸಿಕೊಂಡರೆ ದೊಡ್ಡವರಿಗೆ 800, ಮಗಳಿಗೆ 400. ಎರಡು ದಿನಕ್ಕೆ 4,000. ಎರಡೂ ಹೊತ್ತು ಪೇಟೆಯಲ್ಲಿಯೇ ಉಂಡರೆ ಮಧ್ಯಾಹ್ನಕ್ಕೆ 900, ರಾತ್ರಿಗೆ 1,000. ಎರಡು ದಿನಕ್ಕೆ 3,800. ಎಲ್.ಟಿ.ಸಿ. ಪ್ರವಾಸವಾಗಿದ್ದರೂ ಊಟದ ಖರ್ಚು ನಮ್ಮದೇ ಆಗಿರುತ್ತಿತ್ತು. ಸರ್ಕಾರ ನಮ್ಮನ್ನು ಊರು ಮುಟ್ಟಿಸುತ್ತದೆ, ಉಣಿಸುವುದಿಲ್ಲ. ಅಂಕಿಗಳನ್ನು ನೋಡಿದರೆ ತೀರ್ಮಾನ ಸುಲಭ: ಯಾವ ಪ್ಲಾನೂ ಬೇಡ. ಹಾಗೆಂದು ನಾವು ಸಾರಿದೆವು.

ನಮ್ಮ ಮನೆಯಾಕೆ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ಅಂಕಿಗಳಲ್ಲಿ ನಮಗಿಂತ ಚುರುಕು. ಕಾಗದವನ್ನು ಒಮ್ಮೆ ನೋಡಿ, “ನಿಮ್ಮ ಲೆಕ್ಕ ಸರಿಯಾಗಿದೆ ರೀ. ಆದರೆ ಇದರಲ್ಲಿ ರಾತ್ರಿ ಎಲ್ಲಿ ಉಣ್ಣುವುದು, ಮಗುವಿಗೆ ಏನು ಸಿಗುತ್ತದೆ, ಖಾರ ಇರುತ್ತದೋ ಇಲ್ಲವೋ ಎಂದು ಯೋಚಿಸುವವರ ಕೂಲಿ ಎಲ್ಲಿದೆ?” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಊಟ ಚೆನ್ನಾಗಿರಬೇಕೆಂದು ನಾನು ಕೇಳುತ್ತಿಲ್ಲ. ಎರಡು ರಾತ್ರಿ ಆ ಪ್ರಶ್ನೆ ನನ್ನದಾಗಿರಬಾರದು, ಅಷ್ಟೇ” ಎಂದಳು.

ಆ ಕೂಲಿಯ ಅಂಕಣ ನಮ್ಮ ಕಾಗದದಲ್ಲಿ ಇರಲಿಲ್ಲ ನಿಜ. ನಮ್ಮಲ್ಲಿಯೂ ಅಡುಗೆಮನೆಗೆ ಇಬ್ಬರೂ ಹೋಗುತ್ತೇವೆ ಎಂದು ಬಂದವರೆದುರು ನಾವು ಹೇಳಿಕೊಳ್ಳುವುದುಂಟು. ಆದರೆ ನಾಳೆ ಬೆಳಿಗ್ಗೆ ಡಬ್ಬಿಗೆ ಏನು ಎಂಬ ಪ್ರಶ್ನೆ ರಾತ್ರಿ ಹತ್ತಕ್ಕೆ ಏಳುವುದು ಒಂದೇ ತಲೆಯಲ್ಲಿ. ಆ ತಲೆ ನಮ್ಮದಲ್ಲ. ಬಟ್ಲಿನ್ನನ ಶಿಬಿರದ ಬಗ್ಗೆ ಅಷ್ಟೊಂದು ಓದಿಯೂ ನಾವು ಅದನ್ನು ಇಂಗ್ಲೆಂಡಿನ ಚರಿತ್ರೆಯೆಂದೇ ಓದಿದ್ದೆವು.

ಕಾಗದವನ್ನು ಮಗುಚಿ ಮತ್ತೆ ಬರೆದೆವು. ಮಧ್ಯಾಹ್ನ ಹೇಗೂ ಮಕ್ಕಳು ಕುದುರೆ, ಕಾಡುದಾರಿ ಎಂದು ಸುತ್ತುತ್ತಿರುತ್ತಾರೆ. ಊಟಕ್ಕಾಗಿ ಹೋಟೆಲಿಗೆ ಮರಳಿದರೆ ಅರ್ಧ ದಿನ ಹಾಳು. ಪೇಟೆಯಲ್ಲಿ ಥಾಲಿ ಸಿಗುತ್ತದೆ. ಆ ಊಟ ಹೊರಗೆ. ರಾತ್ರಿ ಮಾತ್ರ, ಕೆಮ್ಮಣ್ಣಿನ ದಾರಿಯಲ್ಲಿ ಕತ್ತಲಲ್ಲಿ ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಪೇಟೆಗೆ ಹೋಗಿಬರುವುದು ಆಗದ ಮಾತು. ಆ ಊರಿನಲ್ಲಿ ಆಟೋರಿಕ್ಷಾ ಕರೆಯುವ ನಮ್ಮ ಮುಂಬಯಿಯ ಚಾಳಿ ನಡೆಯದು. ರಾತ್ರಿಯ ಊಟ ಹೋಟೆಲಿನಲ್ಲಿ. ಎಂ.ಎ.ಪಿ. ಎಂಬ ಆ ನಡುವಿನ ದಾರಿಗೆ ಪೇಟೆಯ ಮಧ್ಯಾಹ್ನದೂಟ ಸೇರಿದರೆ 5,800. ಪೂರ್ತಿ ಪ್ಲಾನಿಗಿಂತ 1,700 ಕಡಿಮೆ; ಪ್ಲಾನೇ ಇಲ್ಲದಿರುವುದಕ್ಕಿಂತ 2,000 ಹೆಚ್ಚು. ಆ ಎರಡು ಸಾವಿರಕ್ಕೆ ಮನೆಯಾಕೆ ಕೇಳಿದ ಎರಡು ರಾತ್ರಿಗಳು.

ಹಣ ಕಟ್ಟುವ ಮೊದಲು ಫೋನ್ ಮಾಡಿದೆವು. ಹಿಂದಿನ ಹಾಲಿನ ಲೋಟ ಕಲಿಸಿದ ಪಾಠ. ಮಗುವಿಗೆ ಏಳು ಗಂಟೆಗೆ ಮೊಸರನ್ನ ಸಿಗಬಹುದೇ, ರಾತ್ರಿ ಹಾಲು ಬೇಕಾದರೆ ಅದು ಪ್ಲಾನಿನೊಳಗೋ ಹೊರಗೋ ಎಂದು ಹಿಂದಿಯಲ್ಲಿ ಕೇಳುತ್ತಿದ್ದೆವು. ಪಕ್ಕದಲ್ಲಿದ್ದ ಮಗಳಿಗೆ ನಡುವೆ ಕನ್ನಡದಲ್ಲಿ ಏನೋ ಗದರಿದ್ದು ಆ ಕಡೆಗೆ ಕೇಳಿಸಿರಬೇಕು. ಹಿಂದಿ ಅಲ್ಲಿಗೇ ನಿಂತಿತು.

“ನೀವ್ ಎಂತ ತಲಿಬಿಸಿ ಮಾಡ್ಕಣ್ಬೇಡಿ,” ಎಂದಿತು ಕುಂದಾಪುರದ ದನಿ. “ಮಾಣಿಗೆ ಏಳ್ ಗಂಟಿಗೇ ಮೊಸ್ರನ್ನ ಮಾಡ್ಸಿ ಇಡ್ತೆ. ಹಾಲಿಗೆಲ್ಲ ಎಂತಕ್ಕೆ ಲೆಕ್ಕ?”

ಅದನ್ನು ಬರವಣಿಗೆಯಲ್ಲಿ ಕಳುಹಿಸಿಕೊಡಬೇಕೆಂದು ಕೇಳಿದೆವು. ನಕ್ಕು, ಕಳುಹಿಸಿದರು. ಆಮೇಲೆ ಹಣ ಕಟ್ಟಿದೆವು.